ಅಷ್ಟಮಿ ದಿನ ನಾನು ಮಾಡಿದ ಪಾಠ

ನಾನು ಹೇಳುವ ಯಾವ ಮಾತನ್ನೂ ಅಪ್ಪ ಪೂರ್ತಿ ನಂಬುವುದಿಲ್ಲ. ಮೂರರಿಂದ ಭಾಗಿಸಿ ನಂಬುತ್ತಾರೆ. “ಇವತ್ತು ಮೆಟ್ರೋದಲ್ಲಿ ಮುನ್ನೂರು ಜನ ನನ್ನ ಕಾಲು ತುಳಿದ್ರು” ಎಂದು ನಾನು ಕುಂಟುತ್ತ ಹೋಟೆಲಿಗೆ ಬಂದರೆ, ಅವರು ಗಲ್ಲಾದಿಂದ ತಲೆ ಎತ್ತದೆ, “ನೂರು ಜನ. ಅದೂ ಜಾಸ್ತಿ ಆಯ್ತು, ಇನ್ನೊಂದ್ಸಲ ಭಾಗಿಸುವ” ಎನ್ನುತ್ತಾರೆ. ಅಮ್ಮನ ಲೆಕ್ಕ ಇನ್ನೂ ಸುಲಭ. ಅವಳು ಕೇಳಿಸಿಕೊಳ್ಳುವುದೇ ಇಲ್ಲ.

ನಮ್ಮದು ಕಲ್ಕತ್ತೆಯ ಲೇಕ್ ಮಾರ್ಕೆಟ್ ಪಕ್ಕದ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲ್. ಇಪ್ಪತ್ತು ಮೇಜು. ಸರಿ, ಏಳು, ಅದರಲ್ಲಿ ಒಂದರ ಕಾಲಿನ ಕೆಳಗೆ ಇಟ್ಟಿಗೆ ಚೂರು ಇದೆ. ನಾನು ಹುಟ್ಟಿದ್ದು ಈ ಊರಿನಲ್ಲೇ. ಕನ್ನಡ ನನಗೆ ಬಂದದ್ದು ಅಡುಗೆಮನೆಯಿಂದ. ಓದಲು ಬರೆಯಲು ಅಮ್ಮ ಕಲಿಸಿದಳು, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು. ಮನೆಯವರೆಲ್ಲ ಭಾಗಿಸುತ್ತಾರೆಂದು ನಾನು ಮೊದಲೇ ಗುಣಿಸಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಗಿರಾಕಿ ಚೌಕಾಸಿ ಮಾಡಿಯೇ ಮಾಡುತ್ತಾರೆಂದು ಸೀರೆ ಅಂಗಡಿಯವರು ಬೆಲೆ ಏರಿಸಿಡುವುದಿಲ್ಲವೇ, ಹಾಗೆ. ಭಾಗಿಸಲು ಗೊತ್ತಿಲ್ಲದವಳೊಬ್ಬಳು ನನಗೆ ಎದುರಾಗಬಹುದೆಂದು ಯೋಚಿಸಿಯೇ ಇರಲಿಲ್ಲ.

ಅವಳು ಎದುರಾದದ್ದು ನಾನು ಡಿಗ್ರಿ ಎರಡನೇ ವರ್ಷಕ್ಕೆ ಕಾಲಿಟ್ಟಾಗ. ನಮ್ಮ ಕಾಲೇಜಿನಲ್ಲಿ ಆ ವರ್ಷ ಹೊಸದೊಂದು ಏರ್ಪಾಡು ಶುರುವಾಯಿತು. ಮನೆಯಲ್ಲಿ ಹಿಂದೆ ಯಾರೂ ಕಾಲೇಜು ಮೆಟ್ಟಿಲು ಹತ್ತದ ಮಕ್ಕಳಿಗೆ ಒಂದು ಟ್ರಸ್ಟ್ ಸ್ಕಾಲರ್‌ಶಿಪ್ ಕೊಡುತ್ತದೆ. ಅಂಥ ಒಬ್ಬೊಬ್ಬರಿಗೂ ಒಬ್ಬೊಬ್ಬ ಸೀನಿಯರ್. ವಾರಕ್ಕೆ ಒಂದು ಗಂಟೆ, ಎದುರು ಬದುರು ಕೂತು ಪಾಠ ಹೇಳಿಕೊಡಬೇಕು. ಜೋಡಿಗೊಂದು ಹಳದಿ ಕಾರ್ಡ್. ಅದರಲ್ಲಿ ತಾರೀಕು, ಏನು ಕಲಿಸಿದ್ದು, ಅರ್ಥವಾಯಿತೇ, ಕೊನೆಗೆ ಇಬ್ಬರ ಸಹಿ. ನನಗೆ ಕಾರ್ಡಿನ ಮೇಲೆ ಆಸೆ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಳ್ಳೆಯ ಸೀನಿಯರ್‌ಗೆ ಸರ್ಟಿಫಿಕೇಟ್ ಉಂಟು ಎಂದು ಕೇಳಿ ಹೆಸರು ಕೊಟ್ಟೆ.

ಇದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಎಕನಾಮಿಕ್ಸ್ ಮೇಡಂ, ಬಂಗಾಳಿಯವರು. ಒಬ್ಬ ಸಣಕಲು ಹುಡುಗಿಯನ್ನು ನನ್ನ ಮುಂದೆ ನಿಲ್ಲಿಸಿ, “ನೀನೂ ಕನ್ನಡ, ಇವಳೂ ಕನ್ನಡ. ಇಡೀ ಕಾಲೇಜಿನಲ್ಲಿ ನೀವಿಬ್ಬರೇ. ಇನ್ನು ನನಗೆ ಚಿಂತೆ ಇಲ್ಲ” ಎಂದು ಕೈ ತೊಳೆದುಕೊಂಡರು.

ಹುಡುಗಿ ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು, “ನಮಸ್ಕಾರ್ರೀ ಅಕ್ಕಾರ” ಎಂದಳು.

ಅದುವರೆಗೆ ನನಗೆ ಯಾರೂ ‘ರೀ’ ಹಚ್ಚಿರಲಿಲ್ಲ. ನಿಂತಲ್ಲೇ ಒಂದು ಅಡಿ ಎತ್ತರವಾದೆ. ಮೂರರಿಂದ ಭಾಗಿಸಿದರೂ ನಾಲ್ಕು ಅಂಗುಲ.

ಅವಳ ಅಪ್ಪ ಗದಗದ ಕಡೆಯವರು. ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಕಂಟ್ರಾಕ್ಟರನ ಕೈಕೆಳಗೆ ವೆಲ್ಡಿಂಗ್ ಮಾಡುತ್ತಾರೆ. ಅವಳು ಹನ್ನೆರಡರ ತನಕ ಓದಿದ್ದು ಹಿಂದಿ ಶಾಲೆಯಲ್ಲಿ. ಕಾಲೇಜಿನಲ್ಲಿ ಬಾಯಿ ಬಿಟ್ಟವರೆಲ್ಲ ಇಂಗ್ಲಿಷ್. ಯಾವುದಾದರೂ ಒಂದು ಪೇಪರ್ ಹೋದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ ಎಂದು ಮೊದಲ ದಿನವೇ ನನಗೆ ಹೇಳಿದಳು.

“ಅದು ನಿಂತರ ಕಾಲೇಜೂ ನಿಂತಂಗ್ರಿ. ನಮ್ಮಪ್ಪ ಏನೂ ಅನ್ನಂಗಿಲ್ಲ. ಆದ್ರ ಮನೀ ಪರಿಸ್ಥಿತಿ ನಂಗ ಗೊತ್ತೈತಲ್ರಿ.”

“ನಾನಿರುವಾಗ ನಿಂಗೆ ಎಂತದು ಹೆದರಿಕೆ ಮಾರಾಯ್ತಿ?” ಎಂದೆ. ಈ ಮಾತನ್ನು ಯಾವುದರಿಂದ ಭಾಗಿಸಬೇಕೆಂದು ನನಗೆ ಈಗಲೂ ಗೊತ್ತಿಲ್ಲ.

ಮೊದಲ ಪಾಠ ನಮ್ಮ ಹೋಟೆಲಿನ ಹಿಂದಿನ ಮೇಜಿನಲ್ಲಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ. ಎಲಾಸ್ಟಿಸಿಟಿ. ಎಂದರೆ, ಬೆಲೆ ಏರಿದರೆ ಕೊಳ್ಳುವವರು ಎಷ್ಟು ಕಡಿಮೆಯಾಗುತ್ತಾರೆ ಎನ್ನುವ ಲೆಕ್ಕ. ನಾನು ಪುಸ್ತಕದ ಇಂಗ್ಲಿಷನ್ನು ಇನ್ನೂ ದೊಡ್ಡ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ತಲೆಯಾಡಿಸಿದಳು, ಏನೂ ಹತ್ತಲಿಲ್ಲ ಎನ್ನುವುದು ಮುಖದ ಮೇಲೇ ಇತ್ತು. ಆಗ ನಾನು ಗಲ್ಲಾದ ಕಡೆ ಕೂಗಿದೆ.

“ಅಪ್ಪ, ನಾಳೆಯಿಂದ ಮಸಾಲೆ ದೋಸೆ ರೇಟ್ ಜಾಸ್ತಿ ಮಾಡಿದ್ರೆ ಎಷ್ಟು ಜನ ಬಿಟ್ಟು ಹೋಗ್ತಾರೆ?”

“ಎಂತಕ್ಕೆ ಜಾಸ್ತಿ ಮಾಡುದು? ಯಾರು ಹೇಳಿದ್ದು ನಿಂಗೆ?”

“ಪಾಠಕ್ಕಪ್ಪ!”

“ಓ, ಪಾಠಕ್ಕಾ. ಹಾಗಾದ್ರೆ ಕೇಳು. ಬೆಳಿಗ್ಗೆ ಬರ್ತಾರಲ್ಲ ರಿಟೈರ್ಡ್ ಬಾಬುಗಳು, ಅವರು ಒಂದು ವಾರ ಬೈತಾರೆ. ಆದ್ರೂ ಬರ್ತಾರೆ. ಅವರಿಗೆ ಬೇರೆ ಎಲ್ಲಿಗೆ ಹೋಗ್ಲಿಕ್ಕೆ ಉಂಟು? ನಿಮ್ಮ ಕಾಲೇಜು ಮಕ್ಕಳು ಬೈಯುದಿಲ್ಲ. ಸೀದ ಎದುರಿನ ಎಗ್ ರೋಲ್ ಅಂಗಡಿಗೆ ಹೋಗ್ತಾರೆ.”

ಹುಡುಗಿ ನೆಟ್ಟಗೆ ಕೂತಳು. “ಅಂದ್ರ ಬಾಬುಗಳದು ಇನ್‌ಎಲಾಸ್ಟಿಕ್, ಹುಡುಗ್ರದು ಎಲಾಸ್ಟಿಕ್. ಹೌದಿಲ್ರಿ?”

ಬಿಲ್ ಪುಸ್ತಕದ ಒಂದು ಹಾಳೆ ಹರಿದು, ಅದರ ಹಿಂದೆ ಎರಡು ಗೆರೆ ಎಳೆದಳು. ಒಂದು ಕಡಿದಾದದ್ದು, ಒಂದು ಚಪ್ಪಟೆ. ಕಡಿದಾದದ್ದರ ಪಕ್ಕ ‘ಬಾಬು’, ಚಪ್ಪಟೆಯ ಪಕ್ಕ ‘ರೋಲ್’ ಎಂದು ಬರೆದಳು. ಸರಿಯಾಗಿತ್ತು. ನಿಜ ಹೇಳಬೇಕೆಂದರೆ, ನನಗೂ ಅದು ಪೂರ್ತಿ ಅರ್ಥವಾದದ್ದು ಅವತ್ತೇ. ಹೋದ ವರ್ಷ ನಾನು ಬಾಯಿಪಾಠ ಮಾಡಿ ಬರೆದಿದ್ದೆ.

ಮರುದಿನ ಕ್ಯಾಂಟೀನಿನಲ್ಲಿ ನನ್ನ ಅದ್ಭುತ ಬೋಧನೆಯ ಕತೆಯನ್ನು ಐವತ್ತು ಜನರಿಗೆ ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ಪಾಠದ ಮೇಲಿನ ಉತ್ಸಾಹವೂ ಮುಗಿದಿತ್ತು. ಇನ್ನೆರಡು ವಾರ ಹೇಗೋ ಕೂತೆ. ನಾಲ್ಕನೆಯ ವಾರ ಅರ್ಧಕ್ಕೆ ಎದ್ದೆ. ಕಾಲೇಜ್ ಫೆಸ್ಟ್‌ನಲ್ಲಿ ನಿರೂಪಣೆ ಮಾಡಲು ನನ್ನನ್ನು ಆರಿಸಿದ್ದರು, ಮೈಕ್ ಹಿಡಿಯುವ ಅಭ್ಯಾಸ ನಮ್ಮ ಪಾಠದ ಬುಧವಾರವೇ ಇತ್ತು. ಮೈಕ್ ಮತ್ತು ಇಂಡಿಫರೆನ್ಸ್ ಕರ್ವ್ ಎನ್ನುವ ಪಾಠದ ನಡುವೆ ನಾನು ಯಾವುದನ್ನು ಆರಿಸುತ್ತೇನೆಂದು ನಮ್ಮ ಹೋಟೆಲಿನ ಗ್ರೈಂಡರ್ ಕೂಡ ಹೇಳಬಲ್ಲದು.

ಅವಳು ಪ್ರತಿ ಬುಧವಾರ ಲೈಬ್ರರಿಯಲ್ಲಿ ಕಾಯುತ್ತಿದ್ದಳು. ನಾನು ‘ಇವತ್ತು ಆಗುವುದಿಲ್ಲ’ ಎಂದು ಮೆಸೇಜ್ ಕಳಿಸಿದರೆ, ‘ಆತ್ರಿ ಅಕ್ಕಾರ’ ಎಂದು ಉತ್ತರ. ಒಂದು ದಿನ ಕಾರ್ಡ್ ಹಿಡಿದು ಆಡಿಟೋರಿಯಮ್ ಬಾಗಿಲಿಗೇ ಬಂದಳು, ಪರೀಕ್ಷೆ ಮುಗಿದ ಕೂಡಲೇ ತುಂಬಿದ ಕಾರ್ಡ್ ಬೇಕೆಂದು ಮೇಡಂ ಹೇಳಿದ್ದಾರಂತೆ. ನಾನು ಮೆಟ್ಟಿಲ ಮೇಲೆ ಕೂತು, ಆಗಿಹೋದ ವಾರಗಳ ಜೊತೆಗೆ ಪರೀಕ್ಷೆಯವರೆಗಿನ ಎಲ್ಲ ಬುಧವಾರಗಳನ್ನೂ ತುಂಬಿಬಿಟ್ಟೆ. ಒಟ್ಟು ಹದಿನಾರು. ಅನುಮಾನ ಬರಬಾರದೆಂದು ಮೂರು ಪೆನ್ ಬಳಸಿದೆ: ಒಂದು ನೀಲಿ, ಒಂದು ಕಪ್ಪು, ಒಂದು ಅರ್ಧ ಒಣಗಿದ ಜೆಲ್. ‘ಅರ್ಥವಾಯಿತೇ’ ಎನ್ನುವ ಕಡೆಯಲ್ಲೆಲ್ಲ ಚೆನ್ನಾಗಿ, ಬಹಳ ಚೆನ್ನಾಗಿ, ಅತ್ಯುತ್ತಮವಾಗಿ ಎಂದು ಬರೆದೆ. ಗುಣಿಸುವುದು ನನ್ನ ಕೈಗೇ ಅಂಟಿದ ರೋಗ.

“ಅಕ್ಕಾರ, ಇವು ಇನ್ನೂ ಆಗಿಲ್ಲಲ್ರಿ?”

“ಆಗ್ತದೆ ಮಾರಾಯ್ತಿ. ಇದು ಅಡ್ವಾನ್ಸ್ ಬುಕಿಂಗ್.”

ಅವಳು ನಕ್ಕಳು. ಹದಿನಾರು ಕಡೆ ಸಹಿ ಹಾಕಿದಳು.

ಆಗಲಿಲ್ಲ. ಹದಿನಾರರಲ್ಲಿ ನಡೆದದ್ದು ಮೂರೂವರೆ.

ಪರೀಕ್ಷೆಗೆ ಎರಡು ವಾರ ಇರುವಾಗ ಅವಳು ನನ್ನನ್ನು ಹಿಡಿದಳು. ನಾನು ಗೇಟಿನ ಹೊರಗೆ ಪುಚ್ಕಾ, ಎಂದರೆ ಇಲ್ಲಿನ ಪಾನಿಪೂರಿ, ತಿನ್ನುವವರ ಸಾಲಿನಲ್ಲಿ ನಿಂತಿದ್ದೆ. ಎಷ್ಟೆಲ್ಲ ಬಾಕಿ ಇದೆ, ಎಲ್ಲಿಂದ ಶುರು ಮಾಡಲಿ ಎಂದು ಅಳುವ ಹಾಗೆ ಕೇಳಿದಳು. ಇಲ್ಲಿ ಒಂದು ವಿಷಯ ಹೇಳಬೇಕು. ಈ ಊರಿನಲ್ಲಿ ಪರೀಕ್ಷೆ ಹತ್ತಿರ ಬಂದರೆ ‘ಸಜೆಶನ್’ ಎನ್ನುವುದು ಕೈಯಿಂದ ಕೈಗೆ ಓಡಾಡುತ್ತದೆ. ಇಂತಿಂಥ ಪ್ರಶ್ನೆ ಬರಬಹುದು ಎನ್ನುವ ಪಟ್ಟಿ. ವರ್ಷಗಟ್ಟಲೆ ಟ್ಯೂಷನ್ ಹೇಳಿದ ಮೇಷ್ಟರುಗಳು ಹಳೆಯ ಪೇಪರುಗಳನ್ನು ಹರಡಿಕೊಂಡು ಅದನ್ನು ಮಾಡುತ್ತಾರೆ. ಓದಿದವರು ಕೊನೆಗೊಮ್ಮೆ ಅದರ ಮೇಲೆ ಕಣ್ಣಾಡಿಸುತ್ತಾರೆ, ಅಷ್ಟೇ.

“ನಾನೇ ಸಜೆಶನ್ ಕೊಡ್ತೇನೆ” ಎಂದೆ. “ಹೋದ ವರ್ಷ ನಾನು ಹೇಳಿದ ಆರರಲ್ಲಿ ಐದು ಬಂದಿತ್ತು, ಗೊತ್ತುಂಟಾ?”

ಹೋದ ವರ್ಷದ ಪಟ್ಟಿ ಬೇರೆ ಯಾರದ್ದೋ. ಅದರಲ್ಲಿ ಬಂದದ್ದು ಎರಡು.

ನಾಲ್ಕನೇ ಪುಚ್ಕಾಕ್ಕೂ ಐದನೆಯದಕ್ಕೂ ನಡುವೆ ಅವಳ ನೋಟ್ ಪುಸ್ತಕದಲ್ಲಿ ಆರು ಪ್ರಶ್ನೆ ಬರೆದೆ. ಹುಳಿನೀರಿನ ಒಂದು ಕಲೆ ಮೂರನೆಯ ಪ್ರಶ್ನೆಯ ಮೇಲೆ ಬಿತ್ತು. ಅವಳು ಓದಿ ನೋಡಿ, “ಎಲಾಸ್ಟಿಸಿಟಿ ಇಲ್ಲಲ್ರಿ ಇದ್ರಾಗ? ಅದು ನಂಗ ಛಲೋ ಬರ್ತೈತಿ” ಎಂದಳು.

“ಹೋದ ವರ್ಷ ಬಂದದ್ದು ಈ ವರ್ಷ ಬರುದಿಲ್ಲ. ಅದನ್ನು ಮುಟ್ಟಲೇ ಬೇಡ. ಈ ಆರು ಓದು, ಸಾಕು.”

“ಖರೇನ್ರಿ?”

“ನೂರಕ್ಕೆ ನೂರು.”

ಅಪ್ಪನಾಗಿದ್ದರೆ ಮೂವತ್ತಮೂರು ಎನ್ನುತ್ತಿದ್ದರು. ಅವಳು ನೂರನ್ನೂ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದಳು.

ಆರರಲ್ಲಿ ಬಂದದ್ದು ಒಂದು. ಪ್ರಶ್ನೆಪತ್ರಿಕೆಯ ಅತಿ ದೊಡ್ಡ ಪ್ರಶ್ನೆ ಎಲಾಸ್ಟಿಸಿಟಿ. ಅವಳು ಎರಡು ವಾರ ಅದನ್ನು ಮುಟ್ಟಿರಲಿಲ್ಲ, ನಾನು ಮುಟ್ಟಬೇಡ ಎಂದಿದ್ದೆನಲ್ಲ. ಸೂತ್ರ ಮರೆತಿತ್ತು. ಯಾವ ಗೆರೆ ಕಡಿದಾದದ್ದು, ಯಾವುದು ಚಪ್ಪಟೆ ಎನ್ನುವುದು ಅದಲು ಬದಲಾಯಿತು. ಫಲಿತಾಂಶ ಬಂದಾಗ ಅವಳಿಗೆ ಉಳಿದ ಪೇಪರ್ ಎಲ್ಲ ಪಾಸ್. ಇದೊಂದು ಫೇಲ್.

ಅವಳು ಹೋಟೆಲಿಗೆ ಬಂದು ಹಿಂದಿನ ಮೇಜಿನಲ್ಲಿ ಕೂತಳು. ಬೈಯಲಿಲ್ಲ. “ದೋಸಿ ಬಗ್ಗೆ ಬರದೆ ಅಕ್ಕಾರ, ಅಷ್ಟ ನೆನಪಿತ್ತು” ಎಂದಳು. ಆಮೇಲೆ ನಿಧಾನಕ್ಕೆ, “ಆ ಆರು ಪ್ರಶ್ನಿ ಯಾಕ ಬರಲಿಲ್ರಿ?” ಎಂದು ಕೇಳಿದಳು.

ಆಗ ಒಂದು ಸಣ್ಣ ಸತ್ಯ ಸಾಕಿತ್ತು. ನಾನು ಹೇಳಿದ್ದು: “ಕೊನೇ ಗಳಿಗೆಯಲ್ಲಿ ಪೇಪರ್ ಬದಲಾಯಿಸಿದ್ರಂತೆ. ಒಳಗಿನ ಸುದ್ದಿ. ನನ್ನದೇ ಪಟ್ಟಿ ಲೀಕ್ ಆಯ್ತೋ ಏನೋ.”

ಅದನ್ನೂ ನಂಬಿದಳು. ನಾನು ತಂದುಕೊಟ್ಟ ಕಾಫಿಯನ್ನು ತಣ್ಣಗಾಗಲು ಬಿಟ್ಟು ಎದ್ದುಹೋದಳು.

ಇದಾದ ಕೆಲವೇ ದಿನಗಳಲ್ಲಿ ನನಗೆ ಸರ್ಟಿಫಿಕೇಟ್ ಬಂತು. ಕಾರ್ಡುಗಳನ್ನೆಲ್ಲ ನೋಡಿ, ಒಂದು ವಾರವೂ ತಪ್ಪಿಸದ ಸೀನಿಯರ್ ನಾನೊಬ್ಬಳೇ ಎಂದು ಸ್ಟೇಜ್ ಮೇಲೆ ಕರೆದು ಕೊಟ್ಟರು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ, ಕೃಷ್ಣನ ಫೋಟೋಕ್ಕೂ ಫುಡ್ ಲೈಸೆನ್ಸಿಗೂ ನಡುವೆ ನೇತು ಹಾಕಿದಳು. ಬೆಳಗಿನ ಬಾಬುಗಳು ಕೃಷ್ಣನಿಗೆ ಕೈಮುಗಿಯುವಾಗ ನನಗೂ ಸ್ವಲ್ಪ ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ, ಹೊಗಳುವಾಗ ನಾನು ಒಳಗೆ ಹೋಗಿ ಚಟ್ನಿ ತರುವ ನೆಪ ಹುಡುಕುತ್ತಿದ್ದೆ.

ಒಂದು ಮಧ್ಯಾಹ್ನ ಮೇಡಂ ಸ್ಟಾಫ್ ರೂಮಿಗೆ ಕರೆದರು. ಅವರ ಮೇಜಿನ ಮೇಲೆ ನಮ್ಮ ಹಳದಿ ಕಾರ್ಡ್ ಇತ್ತು.

“ನಿನಗೆ ಬೇಸರವಾಗುತ್ತದೆ, ಆದರೂ ನನ್ನಿಂದಲೇ ಕೇಳು” ಎಂದರು. “ಆ ಹುಡುಗಿಯ ಸ್ಕಾಲರ್‌ಶಿಪ್ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಒಂದು ಪೇಪರ್ ಹೋದರೆ ಇನ್ನೊಂದು ಅವಕಾಶ ಕೊಡುತ್ತಾರೆ, ಪಾಠ ಸರಿಯಾಗಿ ಸಿಕ್ಕಿರದಿದ್ದರೆ. ಇವಳಿಗೆ ಹದಿನಾರು ವಾರ ಸಿಕ್ಕಿದೆ. ಪ್ರತಿ ಸಾಲಿನಲ್ಲೂ ‘ಚೆನ್ನಾಗಿ ಅರ್ಥವಾಯಿತು’. ಇಷ್ಟು ಕಲಿಸಿದರೂ ಆಗದಿದ್ದರೆ ಇವಳಿಂದ ಕಾಲೇಜು ಆಗುವುದಿಲ್ಲ, ಬೇರೆಯವರಿಗೆ ಕೊಡೋಣ ಅನ್ನುತ್ತಾರೆ ಟ್ರಸ್ಟಿನವರು. ನಾನು ಏನು ಹೇಳಲಿ? ನೀನಂತೂ ಜೀವ ತೇದು ಕಲಿಸಿದೆ.”

ನಾನು ‘ಸರಿ ಮೇಡಂ’ ಎಂದು ಹೊರಗೆ ಬಂದೆ. ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿದೆ. ಎರಡೇ, ಗುಣಿಸಿದ್ದಲ್ಲ. ನನ್ನ ಅತ್ಯುತ್ತಮ, ಬಹಳ ಚೆನ್ನಾಗಿ, ಚೆನ್ನಾಗಿ, ಒಂದೊಂದೂ ಅವಳ ತಲೆಯ ಮೇಲೆ ಬಿದ್ದಿತ್ತು. ವಾಪಸು ಒಳಗೆ ಹೋದೆ.

“ಮೇಡಂ, ಆ ಕಾರ್ಡ್ ಸುಳ್ಳು. ನಾನು ಕಲಿಸಿದ್ದು ಮೂರೂವರೆ ವಾರ. ಪಾಠ ಆಗುವ ಮೊದಲೇ ನಾನು ತುಂಬಿ, ಅವಳ ಕೈಯಲ್ಲಿ ಸಹಿ ಹಾಕಿಸಿದೆ. ಪರೀಕ್ಷೆಗೆ ಸಜೆಶನ್ ಎಂದು ಬಾಯಿಗೆ ಬಂದ ಆರು ಪ್ರಶ್ನೆ ಕೊಟ್ಟೆ.”

ಮೇಡಂ ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. “ಆರೆ ಬಾಬಾ, ಅವಳನ್ನು ಉಳಿಸಲಿಕ್ಕೆ ನೀನು ಇಷ್ಟು ದೊಡ್ಡ ಸುಳ್ಳು ಹೇಳುತ್ತೀಯಾ? ಎಂಥ ಮನಸ್ಸು ನಿನ್ನದು!”

ಹತ್ತೊಂಬತ್ತು ವರ್ಷ ಸುಳ್ಳಿಗೆ ಬಣ್ಣ ಹಚ್ಚಿ ಮಾರಿದ್ದೆ, ಯಾರೂ ಪೂರ್ತಿ ಕೊಂಡಿರಲಿಲ್ಲ. ಬಣ್ಣವಿಲ್ಲದ ಒಂದು ನಿಜ ಹಿಡಿದು ನಿಂತರೆ ಅದನ್ನೂ ಕೊಳ್ಳುವವರಿಲ್ಲ. ಮೂರು ಪೆನ್ನಿನ ಕತೆ ಹೇಳಿದೆ. ಅವರು ತಲೆ ಸವರಿದರು. ಕೊನೆಗೆ ಕಾರ್ಡನ್ನು ಅವರ ಕಡೆ ತಿರುಗಿಸಿ, ಜೆಲ್ ಪೆನ್ನಿನ ಸಾಲುಗಳಲ್ಲಿ ಬೆರಳಾಡಿಸುತ್ತ ಹೋದೆ. ಒಂದು ತಾರೀಕಿನ ಮೇಲೆ ಬೆರಳು ನಿಂತಿತು.

“ಇದನ್ನು ನೋಡಿ ಮೇಡಂ.”

‘ಲೈಬ್ರರಿಯಲ್ಲಿ ಎರಡು ಗಂಟೆ. ಇಂಡಿಫರೆನ್ಸ್ ಕರ್ವ್. ಅತ್ಯುತ್ತಮವಾಗಿ ಅರ್ಥವಾಯಿತು.’

ಅವರು ತಾರೀಕು ನೋಡಿದರು. ಗೋಡೆಯ ಕ್ಯಾಲೆಂಡರ್ ತಿರುವಿ ಹಿಂದಿನ ತಿಂಗಳುಗಳಿಗೆ ಹೋದರು. ಮತ್ತೆ ಕಾರ್ಡ್ ನೋಡಿದರು.

“ಅಷ್ಟಮಿ?”

ನಾನು ತಲೆ ತಗ್ಗಿಸಿದೆ. ಬುಧವಾರ ಬುಧವಾರ ಎಂದು ಲೆಕ್ಕ ಹಾಕುತ್ತ ಹೋದವಳು ದುರ್ಗಾಪೂಜೆಯ ಅಷ್ಟಮಿಯನ್ನೂ ತುಂಬಿಬಿಟ್ಟಿದ್ದೆ. ಅವತ್ತು ಕಲ್ಕತ್ತೆಯಲ್ಲಿ ಕಳ್ಳರೂ ಪೊಲೀಸರೂ ಒಂದೇ ಸಾಲಿನಲ್ಲಿ ನಿಂತು ಪೆಂಡಾಲ್ ನೋಡುತ್ತಾರೆ. ಕಾಲೇಜಿಗೆ ಅದಕ್ಕೂ ಮೊದಲೇ ಬೀಗ ಬಿದ್ದಿತ್ತು. ನಾನು ಟಾಲಿಗಂಜ್‌ನಲ್ಲಿ ಗೆಳತಿಯ ಓಣಿಯ ಪೆಂಡಾಲಿನಲ್ಲಿ ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದೆ.

“ಅಷ್ಟಮಿ ದಿನ ಲೈಬ್ರರಿ!” ಎಂದರು ಮೇಡಂ. ಬಂಗಾಳಿಯವರೊಬ್ಬರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಅವರ ಮುಖದಲ್ಲಿದ್ದ ಪ್ರೀತಿ ನಿಧಾನವಾಗಿ ಇಳಿಯಿತು. ಇಳಿಯುವುದನ್ನು ನಾನು ನಿಂತು ನೋಡಬೇಕಾಯಿತು. “ನಾವು ಯಾರೂ ಇದನ್ನು ನೋಡಲೇ ಇಲ್ಲವಲ್ಲ” ಎಂದು ತಮಗೇ ಹೇಳಿಕೊಂಡು, ಆಮೇಲೆ, “ಟ್ರಸ್ಟಿನವರಿಗೆ ನಾನು ಹೇಳುತ್ತೇನೆ. ಸೀನಿಯರ್ ತೋರಿಸಿದಲ್ಲಿ ಜೂನಿಯರ್ ಸಹಿ ಹಾಕುತ್ತಾಳೆ, ಅದು ಅವಳ ತಪ್ಪಲ್ಲ. ಆದರೆ ಅವಳಿಗೆ ನೀನೇ ಹೇಳಬೇಕು” ಎಂದರು.

ಅವತ್ತು ಸಂಜೆ ಅವಳನ್ನು ಹೋಟೆಲಿಗೆ ಕರೆದೆ. ಹೇಳಿದೆ. ಪಟ್ಟಿ ಸುಳ್ಳು, ಪೇಪರ್ ಬದಲಾದದ್ದು ಸುಳ್ಳು, ಆರರಲ್ಲಿ ಐದು ಸುಳ್ಳು. ಅವಳು ಇಟ್ಟಿಗೆ ಚೂರಿನ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

“ನಾ ದಡ್ಡಿ ಅಂತ ತಿಳಕೊಂಡಿದ್ನಲ್ರಿ ಅಕ್ಕಾರ” ಎಂದಳು. “ಪೇಪರ್ ಬದಲಾದ್ರೂ ಉಳದಾವ್ರು ಪಾಸಾಗ್ಯಾರ, ನನ್ನ ತಲೀನ ಸರಿ ಇಲ್ಲ ಅಂತ. ನಮ್ಮಪ್ಪಗೂ ಹಂಗ ಹೇಳೀನಿ. ಅಂವ ಅವತ್ತ ಊಟ ಮಾಡ್ಲಿಲ್ಲ.”

“ಪಾಠ ಆಗಿಲ್ಲ ಅಂತ ಮೇಡಂಗೆ ನೀನಾದ್ರೂ ಹೇಳ್ಬಹುದಿತ್ತಲ್ಲ?” ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಹೇಳಿದ್ರ ನಿಮ್ಮ ಸರ್ಟಿಫಿಕೇಟ್ ಹೋಗ್ತಿತ್ತಲ್ರಿ.” ಗೋಡೆಯ ಕಡೆ ಕಣ್ಣು ಹಾಯಿಸಿದಳು. “ನಿಮ್ಮಮ್ಮ ಕಟ್ಟ ಹಾಕಿಸ್ಯಾರ.”

ಗಲ್ಲಾದಲ್ಲಿ ಅಪ್ಪ ನೋಟು ಜೋಡಿಸುವುದನ್ನು ನಿಲ್ಲಿಸಿದ್ದರು. ಅವಳು ಹೋದ ಮೇಲೆ ಅವರು ಕೇಳಿದ್ದು ಒಂದೇ: “ಇದನ್ನು ಎಷ್ಟರಿಂದ ಭಾಗಿಸುದು?”

“ಭಾಗಿಸ್ಲಿಕ್ಕೆ ಇಲ್ಲ ಅಪ್ಪ.”

ನಾನು ಸ್ಟೂಲ್ ಹತ್ತಿ ಕಟ್ಟನ್ನು ಇಳಿಸಿದೆ. ಅಮ್ಮ ಒಳಗಿನಿಂದ ಬಂದು, “ಎಂತಕ್ಕೆ ತೆಗೀತಿ? ಮೊಳೆ ಸಡಿಲ ಉಂಟಾ?” ಎಂದಳು. ಅಪ್ಪ, “ಹೌದು, ಸಡಿಲ ಉಂಟು” ಎಂದರು. ಮರುದಿನ ಅದನ್ನು ಮೇಡಂ ಮೇಜಿನ ಮೇಲೆ ಇಟ್ಟು ಬಂದೆ.

ಟ್ರಸ್ಟಿನವರು ಅವಳಿಗೆ ಇನ್ನೊಂದು ಅವಕಾಶ ಕೊಟ್ಟರು: ಆ ಪೇಪರನ್ನು ಮತ್ತೆ ಬರೆದು ಪಾಸಾದರೆ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ. ಕಲಿಸಲು ಮೂರನೇ ವರ್ಷದ ಒಬ್ಬ ಹುಡುಗಿಯನ್ನು ಹಾಕಿದರು. ಹೆಚ್ಚು ಮಾತಾಡದವಳು, ಹೇಳಿದ ಹೊತ್ತಿಗೆ ಬರುವವಳು. ನನ್ನಿಂದಲೂ ಏನಾದರೂ ಆಗಬಹುದೇ ಎಂದು ನಾನು ಕೇಳಿದಾಗ ನನ್ನ ಜೂನಿಯರ್ ಸ್ವಲ್ಪ ಯೋಚಿಸಿ, “ಎಲಾಸ್ಟಿಸಿಟಿ ಒಂದು ನಿಮ್ಮ ಹೋಟೆಲ್‌ನಾಗ ಓದ್ತೀನ್ರಿ” ಎಂದಳು. ನನ್ನ ಮುಖ ಅರಳುವಷ್ಟರಲ್ಲಿ, “ನಿಮ್ಮ ಅಪ್ಪಾರು ಛಲೋ ಹೇಳ್ತಾರ” ಎಂದು ಸೇರಿಸಿದಳು.

ಹಾಗಾಗಿ ನಾಲ್ಕು ಬುಧವಾರ ಅವಳು ಗಲ್ಲಾದ ಪಕ್ಕದ ಮೇಜಿನಲ್ಲಿ ಕೂತು ಬಿಲ್ ಹಾಳೆಗಳ ಹಿಂದೆ ಗೆರೆ ಎಳೆದಳು. ಅಪ್ಪ ಕಾಫಿ ಪುಡಿ, ಉದ್ದಿನಬೇಳೆ, ಪೂಜೆಯ ಬಾಳೆಹಣ್ಣು, ಎಲ್ಲದರ ಬೆಲೆ ಏರಿಸಿ ಇಳಿಸಿ ಗಿರಾಕಿಗಳನ್ನು ಓಡಿಸಿದರು, ಕರೆಸಿದರು. ನಾನು ಕಾಫಿ ತಂದಿಟ್ಟೆ. ಸೂತ್ರ ತಪ್ಪಿದಾಗ ಪುಸ್ತಕ ತೆರೆದು ತೋರಿಸಿದೆ. ಇದನ್ನು ಯಾವ ಕಾರ್ಡಿನಲ್ಲೂ ಬರೆದಿಲ್ಲ.

ಫಲಿತಾಂಶ ಬಂದ ದಿನ ಅವಳು ನನ್ನ ಅಪ್ಪನಿಗೆ ಮೊದಲು ಹೇಳಿದಳು. ಪಾಸ್. ದೊಡ್ಡ ಅಂಕವೇನಲ್ಲ, ಪಾಸಾಗಲು ಬೇಕಾದದ್ದಕ್ಕಿಂತ ಸ್ವಲ್ಪ ಮೇಲೆ. ಅವಳ ಅಪ್ಪನೂ ಜೊತೆಗೆ ಬಂದಿದ್ದರು. ಬೆರಳುಗಳಲ್ಲಿ ಸುಟ್ಟ ಕಲೆಗಳಿದ್ದ ಮನುಷ್ಯ, ದೋಸೆಯನ್ನು ತುಂಬ ಎಚ್ಚರದಿಂದ ಮುರಿಯುತ್ತಿದ್ದರು. ನಾನು ಯಾರೆಂದು ಮಗಳು ಅವರಿಗೆ ಏನು ಹೇಳಿದ್ದಳೋ, “ನೀವ ಏನ್ರಿ ಆ ಅಕ್ಕಾರು?” ಎಂದು ಕೈ ಮುಗಿದರು. ನಾನು ಅವರ ತಟ್ಟೆಗೆ ಇನ್ನಷ್ಟು ಚಟ್ನಿ ಬಡಿಸಿದೆ.

ಹೊರಡುವಾಗ ಅವಳು ಬಾಗಿಲಲ್ಲಿ ತಿರುಗಿ, ಇಡೀ ಹೋಟೆಲಿಗೆ ಕೇಳುವ ಹಾಗೆ, “ಅಕ್ಕಾರ, ಮುಂದಿನ ಪರೀಕ್ಷಾಕ್ಕ ಸಜೆಶನ್ ಇಲ್ಲೇನ್ರಿ?” ಎಂದಳು.

ನನ್ನ ಅಪ್ಪ ನಕ್ಕರು. ಬಾಬುಗಳೂ ನಕ್ಕರು, ವಿಷಯ ಗೊತ್ತಿಲ್ಲದಿದ್ದರೂ. ಅವಳೂ ನಗುತ್ತಿದ್ದಳು, ಆದರೆ ಉತ್ತರ ಬರುವವರೆಗೆ ಬಾಗಿಲು ಬಿಟ್ಟು ಹೋಗಲಿಲ್ಲ.

“ಇಲ್ಲ” ಎಂದೆ.

“ಆತ್ರಿ” ಎಂದು ತನ್ನ ಅಪ್ಪನ ಹಿಂದೆ ಇಳಿದುಹೋದಳು. ನಾನು ಅವರಿಬ್ಬರ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದೆ.